ತೆಂಗಿನ ಬಳಿಯ ಕಾರು

ಬುಬು ಬರುತ್ತಿದೆ ಎಂಬುದು ಊರಿಗೆ ಮೊದಲು ಮೂಗಿನಿಂದ ತಿಳಿಯುತ್ತಿತ್ತು, ಆಮೇಲೆ ಕಿವಿಯಿಂದ, ಕಣ್ಣಿಗೆ ಕಾಣುವುದು ಕಡೆಗೆ. ಯಾರೋ ಕೊಬ್ಬರಿ ಎಣ್ಣೆಯಲ್ಲಿ ಹಿಟ್ಟಿನುಂಡೆ ಕರಿಯುತ್ತಿದ್ದಾರೆ ಎನ್ನುವಂಥ ವಾಸನೆ. ಬೇರೆ ದ್ವೀಪದಿಂದ ಮದುವೆಯಾಗಿ ಬಂದ ಸೊಸೆಯೊಬ್ಬಳು ಮೊದಲ ವಾರ ತಟ್ಟೆ ಹಿಡಿದುಕೊಂಡೇ ರಸ್ತೆಗೆ ಓಡಿ ಬಂದಿದ್ದಳು. ಊರ ನಾಯಿಗಳು ಬೇರೆ ಗಾಡಿಗಳನ್ನು ಬೊಗಳುತ್ತ ಅಟ್ಟಿಸಿಕೊಂಡು ಹೋದರೆ ಬುಬುವಿನ ಹಿಂದೆ ಮಾತ್ರ ಬಾಲ ಅಲ್ಲಾಡಿಸುತ್ತ ಹೋಗುತ್ತಿದ್ದವು.

ಬುಬು ಅಂದರೆ ಅಲ್ಲಿಯ ಮಾತಿನಲ್ಲಿ ಅಜ್ಜ, ಊರವರು ಹಾಗೆ ಕರೆಯುತ್ತಿದ್ದುದು ಒಂದು ಕಾರನ್ನು. ಮೂರು ಸಾಲು ಸೀಟಿನ, ಏಳು ಜನ ಕೂರುವ, ಹಳೇ ಫ್ರೆಂಚ್ ಡೀಸೆಲ್ ಕಾರು. ಆ ದ್ವೀಪಗಳಿಗೆ ಸ್ವಾತಂತ್ರ್ಯ ಬಂದ ವರ್ಷ ತೋಟದ ಧಣಿ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದದ್ದು. ಆಗ ಬಿಳಿಯಾಗಿತ್ತಂತೆ. ಈಗ ಅದರ ಬಣ್ಣ ಏನೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಡಗಡೆ ಹಿಂಬಾಗಿಲನ್ನು ಬುರಾವೋ ಮರದ ನಾರಿನ ಹಗ್ಗದಿಂದ ಕಟ್ಟಿದೆ. ಕಿಟಕಿಯ ಗಾಜು ಏರಿಸಬೇಕಾದರೆ ದಾರಕ್ಕೆ ತೂಗುಬಿಟ್ಟ ಇಕ್ಕಳ ಬೇಕು. ಸೀಟಿನ ಸ್ಪ್ರಿಂಗುಗಳು ಮೇಲೆದ್ದು, ಕೂತವರನ್ನು ಚುಚ್ಚುತ್ತಿದ್ದುದರಿಂದ ಮೇಲೆ ಕೇದಗೆ ಚಾಪೆ ಹೊಲಿದಿದೆ. ಇಷ್ಟಾದರೂ ಭಾನುವಾರ ಒಂದು ಬಿಟ್ಟು ದಿನಾ ಬೆಳಿಗ್ಗೆ ಏಳಕ್ಕೆಲ್ಲ ಐದು ಜನ ಹೆಂಗಸರನ್ನೂ ಅವರ ಗೆಡ್ಡೆ, ಸೊಪ್ಪು, ಕಿತ್ತಳೆ ಬುಟ್ಟಿಗಳನ್ನೂ ವಿಲಾ ಪೇಟೆಯ ಮಾರ್ಕೆಟ್ಟಿಗೆ ಮುಟ್ಟಿಸುತ್ತಿತ್ತು.

ಓಡಿಸುತ್ತಿದ್ದವಳು ಲೇಮಾರಾ. ಐವತ್ತಾರು ವರ್ಷ, ಗುಂಡನೆಯ ಆಳು, ಹೂವಿನ ನಿಲುವಂಗಿ. ರಿಪೇರಿ ಮಾಡುತ್ತಿದ್ದವಳೂ ಅವಳೇ. ಅವಳಿಗೆ ಯಾರೂ ಕಲಿಸಲಿಲ್ಲ. ಅವಳ ಗಂಡ ಕಾಲ್ಮೆಟ್ ಇಪ್ಪತ್ತು ವರ್ಷ ಈ ಕಾರಿನ ಕೆಳಗೆ ಮಲಗಿದ್ದ, ಅವಳು ಇಪ್ಪತ್ತು ವರ್ಷ ಟಾರ್ಚ್ ಹಿಡಿದಿದ್ದಳು. ಗಂಡಸರು ರಿಪೇರಿ ಮಾಡುವಾಗ ಟಾರ್ಚ್ ಹಿಡಿದವರ ಪಾಡು ಯಾರಿಗೂ ಬೇಡ. "ಅಲ್ಲಲ್ಲ, ಇಲ್ಲಿ ಹಿಡಿ. ನಿನ್ನ ಕಣ್ಣೆಲ್ಲಿದೆ? ನನ್ನ ಮುಖಕ್ಕಲ್ಲ ಮಾರಾಯ್ತಿ, ನಟ್ಟಿಗೆ!" ಬೈಸಿಕೊಳ್ಳದೆ ಇರಬೇಕಾದರೆ ಮುಂದೆ ಯಾವ ನಟ್ಟಿಗೆ ಕೈ ಹಾಕುತ್ತಾನೆಂದು ಮೊದಲೇ ತಿಳಿದಿರಬೇಕು. ಹಾಗೆ ತಿಳಿದುಕೊಂಡು ತಿಳಿದುಕೊಂಡೇ ಅವಳು ಮೆಕ್ಯಾನಿಕ್ ಆದಳು.

ಕಾಲ್ಮೆಟ್ ತೀರಿಕೊಂಡ ಮೇಲೆ ಒಂದು ವರ್ಷ ಕಾರು ಮಾವಿನ ಮರದ ಕೆಳಗೆ ಬಿದ್ದಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಒಂದು ದಿನ ಮೊಟ್ಟೆ ತೆಗೆಯಲು ಹೋದ ಲೇಮಾರಾ ಸ್ಟೇರಿಂಗಿನ ಮೇಲೆ ಗಂಡನ ಹೆಬ್ಬೆರಳು ಸವೆಸಿದ ಗುರುತು ನೋಡಿ ಅತ್ತಳು. ಅತ್ತು ಮುಗಿಸಿ ಬಾನೆಟ್ ಎತ್ತಿದಳು. ಇಲಿ ಕಡಿದ ಪೈಪು ಬದಲಾಯಿಸಿದಳು, ಎಂಜಿನ್ನಿಗೆ ಇಂಧನ ಚಿಮ್ಮಿಸುವ ನಳಿಗೆಗಳ ಬಾಯಿ ಉಜ್ಜಿದಳು. ಡೀಸೆಲ್ ದುಬಾರಿ, ತೆಂಗು ಧಾರಾಳ. ತನ್ನ ಓರಗೆಯ ಹೆಂಗಸರೊಂದಿಗೆ ಕೊಬ್ಬರಿ ತುರಿದು, ಒಣಗಿಸಿ, ಹಿಂಡಿ, ಬಟ್ಟೆಯಲ್ಲಿ ನಾಲ್ಕು ಸಲ ಸೋಸಿ ಆ ಎಣ್ಣೆಯನ್ನೇ ಟ್ಯಾಂಕಿಗೆ ಹುಯ್ದಳು. ಒಡೆದ ದೋಣಿಯೊಂದರಿಂದ ಗಾಜಿನ ಬಟ್ಟಲಿನ ಫಿಲ್ಟರ್ ತಂದು ಹಿಂದಿನ ಸೀಟಿನ ಪಕ್ಕ, ಟ್ಯಾಂಕಿನ ಹತ್ತಿರ ಕೂರಿಸಿದಳು. ಬಟ್ಟಲು ತಿಳಿಯಾಗಿದ್ದರೆ ಹೊರಡಬಹುದು, ಬೆಳ್ಳಗಾಗಿದ್ದರೆ ಎಣ್ಣೆ ಹೆಪ್ಪುಗಟ್ಟಿದೆ ಎಂದು ಅರ್ಥ. ಅಲ್ಲಿ ಚಳಿಗಾಲವಾದ ಜುಲೈ ತಿಂಗಳಲ್ಲಿ ಅಡುಗೆಮನೆಯ ಬಾಟಲಿಯಲ್ಲಿ ಎಣ್ಣೆ ಏನಾಗುತ್ತದೋ ಟ್ಯಾಂಕಿನಲ್ಲೂ ಅದೇ ಆಗುತ್ತದೆ. ಅದಕ್ಕೆಂದೇ ಸಣ್ಣ ಡಬ್ಬದಲ್ಲಿ ಒಂದಿಷ್ಟು ಡೀಸೆಲ್ ಇಟ್ಟಿದ್ದಳು. ಬೆಳಿಗ್ಗೆ ಅದರಿಂದ ಎಬ್ಬಿಸಿ, ಎಂಜಿನ್ ಬಿಸಿಯಾದ ಮೇಲೆ ಚರ್ಚಿನ ತಿರುವಿನಲ್ಲಿ ನಲ್ಲಿ ತಿರುಗಿಸಿ ತೆಂಗಿಗೆ ಬದಲಾಯಿಸುವುದು. ಸಂಜೆ ಅದೇ ತಿರುವಿನಲ್ಲಿ ಮತ್ತೆ ಡೀಸೆಲ್ಲಿಗೆ ಬಂದು ಕೊಳವೆಗಳನ್ನೆಲ್ಲ ತೊಳೆದು ಮಲಗಿಸುವುದು. ಎರಡು ವರ್ಷದಿಂದ ಹೀಗೇ ಸುಸೂತ್ರವಾಗಿ ನಡೆದಿತ್ತು.

ಅಷ್ಟರಲ್ಲಿ ಮನಾಸೆ ದೋಣಿ ಕಟ್ಟಿ ಮುಗಿಸಿದ.

ಮನಾಸೆ ಕಾಲ್ಮೆಟ್‌ನ ತಮ್ಮ. ಉದ್ದ ಕಾಲು, ಗಟ್ಟಿ ಗಂಟಲು, ಒಳ್ಳೆಯವನೇ, ಆದರೆ ತಲೆಯಲ್ಲಿ ಒಂದು ವಿಚಾರ ಹೊಕ್ಕರೆ ಅದಕ್ಕೆ ಹೊರಬರುವ ದಾರಿ ಇರಲಿಲ್ಲ. ಜುಲೈ ತಿಂಗಳ ಒಂದು ಶುಕ್ರವಾರ ಸಂಜೆ ಬಂದು ಕಲ್ಲಂಗಡಿ ಕೊಳ್ಳುವವನಂತೆ ಬಾನೆಟ್ಟಿನ ಮೇಲೆ ಬೆರಳಿನಿಂದ ತಟ್ಟಿದ.

"ಅತ್ತಿಗೆ, ದೋಣಿ ಮುಗೀತು. ಎಂಜಿನ್ ಒಂದು ಬೇಕು."

"ಹುಡುಕು ಮತ್ತೆ."

"ಹುಡುಕಿಯಾಯ್ತು. ಅದರ ಮೇಲೇ ಕೈಯಿಟ್ಟಿದ್ದೀನಿ."

ಲೇಮಾರಾ ಕೈಯಲ್ಲಿದ್ದ ಪಾನಾ ಕೆಳಗಿಡಲಿಲ್ಲ. "ಕೈ ತೆಗಿ."

"ನಾನೇನು ಕದಿಯೋಕೆ ಬಂದಿಲ್ಲ. ಅಣ್ಣ ಯಾವ ಬಳಿ? ಅಷ್ಟಪಾದಿ ಬಳಿ. ನಾನ್ಯಾವ ಬಳಿ? ಅದೇ. ಅವನ ವಸ್ತು ಅವನ ಬಳಿಗೆ ಬರಬೇಕು. ನೀನು ತೆಂಗಿನ ಬಳಿಯೋಳು. ಎರಡು ವರ್ಷ ಓಡಿಸ್ಕೊಂಡೆ, ನಾನೇನಾದ್ರೂ ಅಂದ್ನಾ?"

ಅವನ ಮಾತು ಸುಳ್ಳಾಗಿರಲಿಲ್ಲ. ಆ ತೀರದಲ್ಲಿ ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ, ತಾಯಿಯ ಬಳಿಯೇ ಮಕ್ಕಳ ಬಳಿ. ತೆಂಗು, ಅಷ್ಟಪಾದಿ, ಗೆಣಸು ಹೀಗೆ ಒಂದೊಂದು ಬಳಿಗೆ ಒಂದೊಂದು ಹೆಸರು. ಗಂಡ ಒಂದು ಬಳಿಯಾದರೆ ಹೆಂಡತಿ ಇನ್ನೊಂದು, ಸತ್ತವನ ಆಸ್ತಿ ಅವನ ತಾಯಿಯ ಕಡೆಗೆ ಹಿಂದಿರುಗುತ್ತದೆ. ಕಾರು ಹೋದರೆ ಲೇಮಾರಾಗೆ ಹೋಗುವುದು ತಗಡಲ್ಲ. ಬೆಳಿಗ್ಗೆ ಎದ್ದು ಮಾತಾಡಿಸಲು ಒಂದು ಜೀವ ಹೋಗುತ್ತದೆ. ಅದನ್ನು ಯಾರ ಮುಂದೆ ಹೇಳುವುದು?

ಮರುದಿನ ಮಧ್ಯಾಹ್ನ ಊರಿನ ಸಭೆಮನೆ ನಕಮಾಲಿನಲ್ಲಿ ಪಂಚಾಯಿತಿ ಕೂತಿತು. ಊರ ಯಜಮಾನ ತರಿವೋತಾ ಗೆಣಸಿನ ಬಳಿಯವನು, ಆದ್ದರಿಂದ ಯಾರ ಕಡೆಯೂ ಅಲ್ಲ. ಮನಾಸೆ ತನ್ನ ವಾದವನ್ನು ಅಚ್ಚುಕಟ್ಟಾಗಿ ಹೇಳಿದ. ಲೇಮಾರಾಳ ಸರದಿ ಬಂತು. ಎದ್ದು ನಿಂತಳು, ಉಗುರಿನಲ್ಲಿದ್ದ ಗ್ರೀಸು ಕೆರೆದಳು, ಕೂತಳು.

ಆಗ ಹಿಂದಿನಿಂದ ತಾಬಿತಾ ಎದ್ದಳು. ಅವಳು ಮನಾಸೆಯ ಹೆಂಡತಿ, ಆದರೆ ಬಳಿಯಲ್ಲಿ ತೆಂಗು. ದಿನಾ ಬುಬುವಿನ ಹಿಂದಿನ ಸೀಟಿನಲ್ಲಿ ಕಿತ್ತಳೆ ಬುಟ್ಟಿಯೊಂದಿಗೆ ವಿಲಾಗೆ ಹೋಗುತ್ತಿದ್ದವಳು.

"ಯಜಮಾನ್ರೇ, ಒಂದು ಕೇಳ್ತೀನಿ. ನಮ್ಮಜ್ಜಿ ಬೇರೆ ದ್ವೀಪದಿಂದ ಬಂದಾಗ ಮೂರು ತಿಂಗಳ ಕೂಸು. ತಾಯಿ ದೋಣೀಲೇ ಸತ್ತಿದ್ಲು. ತೆಂಗಿನ ಬಳಿಯ ಹೆಂಗಸೊಬ್ಳು ಹಾಲು ಕೊಟ್ಟು ಉಳಿಸಿಕೊಂಡ್ಲು. ಆಮೇಲೆ ನಮ್ಮಜ್ಜಿ ಯಾವ ಬಳಿ ಆದ್ಲು?"

"ತೆಂಗು. ಯಾರ ಹಾಲಿಂದ ಜೀವ ಬಂತೋ ಅವರ ಬಳಿ. ಅದು ಗೊತ್ತಿರೋದೇ."

"ಹಂಗಾದ್ರೆ ಈ ಕಾರು? ಒಂದು ವರ್ಷ ಹೆಣ ಬಿದ್ದಂಗೆ ಬಿದ್ದಿತ್ತು. ಕೋಳಿ ಮೊಟ್ಟೆ ಇಡೋವಾಗ ಅಷ್ಟಪಾದಿ ಬಳಿಯೋರು ಎಲ್ಲಿಗೆ ಹೋಗಿದ್ರು? ಎಂಟು ಕೈ ಇದ್ದೂ ಒಂದು ಕೈನೂ ಬರಲಿಲ್ಲ! ಯಾರ ಎಣ್ಣೆ ಕುಡಿದು ಎದ್ದು ಕೂತಿತು?"

ಹೆಂಗಸರ ಕಡೆಯಿಂದ ಕೇಕೆ ಎದ್ದಿತು. ಮನಾಸೆಯ ಕಿವಿ ಕೆಂಪಾಯಿತು. "ನೋಡಿ ಯಜಮಾನ್ರೇ ನನ್ನ ಪಾಡು. ಹೆಂಡ್ತಿ ತೆಂಗು, ಮಕ್ಕಳು ತೆಂಗು, ಮನೇಲಿ ನಾನೊಬ್ನೇ ಅಷ್ಟಪಾದಿ. ಇರಲಿ. ಈ ಕಾರು ಎದ್ದೇಳೋದು ಡೀಸೆಲ್ ಕುಡಿದು, ಮಲಗೋದು ಡೀಸೆಲ್ ಕುಡಿದು. ಮಧ್ಯ ಒಂದಿಷ್ಟು ಕೊಬ್ಬರಿ ಎಣ್ಣೆ. ಅದನ್ನ ಹಾಲು ಕುಡಿಸಿ ಸಾಕಿದ್ದು ಅಂತಾರಾ?"

ತರಿವೋತಾ ಗಡ್ಡ ಕೆರೆದುಕೊಂಡ. ನಗು ಬರುತ್ತಿತ್ತು, ಆದರೆ ಯಜಮಾನರು ನಕಮಾಲಿನಲ್ಲಿ ನಗಬಾರದು.

"ಕೇಳ್ರಪ್ಪ. ಡೀಸೆಲ್ ಡಬ್ಬ ನನ್ನ ಮನೇಲಿರಲಿ. ಸೋಮವಾರ ಕಾರು ತೆಂಗಿನಿಂದಲೇ ಏಳಬೇಕು, ತೆಂಗಿನಿಂದಲೇ ಗುಡ್ಡ ಹತ್ತಬೇಕು, ದಿನಾ ಮುಟ್ಟೋ ಹಾಗೆ ಏಳು ಗಂಟೆಗೆ ಮಾರ್ಕೆಟ್ ಮುಟ್ಟಬೇಕು, ಸಂಜೆ ವಾಪಸ್ ಬರಬೇಕು. ಯಾರೂ ತಳ್ಳೋ ಹಾಗಿಲ್ಲ. ಬೇರೆ ಬಳಿಯ ಸಹಾಯ ಒಂದಿಷ್ಟೂ ತಗೊಳ್ಳೋ ಹಾಗಿಲ್ಲ. ಹಾಗೆ ಹೋಗಿ ಬಂದ್ರೆ ಕಾರು ತೆಂಗಿನ ಬಳಿಯ ಮಗಳು. ಇಲ್ಲಾಂದ್ರೆ ಮಂಗಳವಾರ ಮನಾಸೆ ಎಂಜಿನ್ ಇಳಿಸ್ಕೊಳ್ಳಲಿ. ಮೋಸ ಆಗದ ಹಾಗೆ ಅವನೇ ಮುಂದಿನ ಸೀಟಲ್ಲಿ ಕೂತು ನೋಡಲಿ."

"ಅಜ್ಜನ್ನ ಮಗಳು ಅಂತೀರಲ್ಲ ಯಜಮಾನ್ರೇ," ಎಂದಿತು ಒಂದು ಮುದಿ ಗಂಟಲು. ಆಗ ಮಾತ್ರ ತರಿವೋತಾ ನಕ್ಕುಬಿಟ್ಟ.

ಲೇಮಾರಾ ನಗಲಿಲ್ಲ. ಈ ಎರಡು ವರ್ಷದಲ್ಲಿ ಅವಳು ಒಮ್ಮೆಯೂ ತಣ್ಣನೆಯ ಎಂಜಿನ್ನನ್ನು ತೆಂಗಿನೆಣ್ಣೆಯಿಂದ ಎಬ್ಬಿಸಿರಲಿಲ್ಲ. ಯಜಮಾನನ ಎದುರಿಗೇ ಡೀಸೆಲ್ ಎಲ್ಲ ಬಸಿದು, ಕೊಳವೆಯ ತುದಿಯವರೆಗೂ ಎಣ್ಣೆ ಬರುವಂತೆ ಎಂಜಿನ್ ಓಡಿಸಿ ನಿಲ್ಲಿಸಿದಳು. ಭಾನುವಾರ ಬೆಳಿಗ್ಗೆ ನೋಡಿದರೆ ಗಾಜಿನ ಬಟ್ಟಲು ಮೊಟ್ಟೆಯ ಸಿಪ್ಪೆಯಂತೆ ಬೆಳ್ಳಗಾಗಿತ್ತು. ಬೆಂಕಿ ಹಚ್ಚಿ ಬಿಸಿ ಮಾಡುವ ಹಾಗಿಲ್ಲ, ಟ್ಯಾಂಕು ಹೊತ್ತಿಕೊಂಡರೆ ವಾದವೇ ಮುಗಿಯಿತು. ಚರ್ಚಿನಲ್ಲಿ ಪಾದ್ರಿ ಏನು ಹೇಳಿದರೋ ಅವಳಿಗೆ ದೇವರಾಣೆಗೂ ಗೊತ್ತಿಲ್ಲ.

ಪ್ರಾರ್ಥನೆ ಮುಗಿಸಿ ತಾಬಿತಾಳ ಅಡುಗೆಮನೆಗೆ ಬಂದಳು. ಭಾನುವಾರ ಎಲ್ಲರ ಮನೆಯಲ್ಲೂ ಲಾಪ್‌ಲಾಪ್. ಗೆಣಸು ತುರಿದು, ಎಲೆಯ ಮೇಲೆ ಹರಡಿ, ಕೋಳಿ ತುಂಡಿಟ್ಟು, ಕಾಯಿಹಾಲು ಸುರಿದು ಪೊಟ್ಟಣ ಕಟ್ಟಿ, ಕೆಂಡದಲ್ಲಿ ಕಾದ ಕಲ್ಲುಗಳ ನಡುವೆ ಹೂಳುವುದು. ತಾಬಿತಾ ಬಿದಿರಿನ ಚಿಮಟದಲ್ಲಿ ಒಂದೊಂದೇ ಕಲ್ಲು ಎತ್ತಿಡುತ್ತಿದ್ದಳು. ಒಂದು ಕಲ್ಲು ಜಾರಿ ಎಣ್ಣೆ ಬಾಟಲಿಯ ಪಕ್ಕ ಉರುಳಿತು. ಲೇಮಾರಾ ನೋಡುತ್ತಿದ್ದಂತೆ ಬಾಟಲಿಯಲ್ಲಿ ಗಟ್ಟಿಯಾಗಿದ್ದ ಎಣ್ಣೆ ಒಂದು ಪಕ್ಕದಿಂದ ಕರಗಿ ತಿಳಿಯಾಯಿತು.

"ತಾಬಿತಾ," ಎಂದಳು, "ಊರಲ್ಲಿ ಎಷ್ಟು ಕಲ್ಲಿವೆ?"

"ಯಾವ ಕಲ್ಲು?"

"ಲಾಪ್‌ಲಾಪ್ ಕಲ್ಲು. ನಮ್ಮ ಬಳಿಯೋರ ಮನೇದು ಮಾತ್ರ. ನಾಳೆ ಬೆಳಗಿನ ಜಾವಕ್ಕೆ ಬೇಕು."

ತಾಬಿತಾ ಬಾಗಿಲಾಚೆ ಮಾವಿನ ಮರದ ಕೆಳಗಿದ್ದ ಕಾರಿನ ಕಡೆ ನೋಡಿದಳು, ಕಲ್ಲಿನ ಕಡೆ ನೋಡಿದಳು. ಆಮೇಲೆ ಚಿಮಟ ಕೆಳಗೆ ಹಾಕಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಯ್ಯೋ ನನ್ನಮ್ಮ! ಅಜ್ಜನ್ನೇ ಬೇಯಿಸ್ತೀಯಾ?"

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಮಾವಿನ ಮರದ ಸುತ್ತ ಆರು ಮನೆಗಳ ಒಲೆಗಳು ಉರಿಯುತ್ತಿದ್ದವು. ಸೌದೆ ಬಳಸಲಿಲ್ಲ, ತೆಂಗಿನ ಸಿಪ್ಪೆ, ಕರಟ ಮಾತ್ರ. ಹೆಂಗಸರು ಕಾದ ಕಲ್ಲುಗಳನ್ನು ಬಾಳೆದಿಂಡಿನ ಹಾಳೆಗಳಲ್ಲಿ ಸುತ್ತಿ ಓಡೋಡಿ ತಂದರು. ಟ್ಯಾಂಕಿನ ಕೆಳಗೆ ಹತ್ತು, ಕೊಳವೆಯ ಉದ್ದಕ್ಕೂ ಸಾಲಾಗಿ ಇಪ್ಪತ್ತು, ಎಂಜಿನ್ನಿನ ಮಗ್ಗುಲಲ್ಲಿ ನಾಲ್ಕು, ಗಾಜಿನ ಬಟ್ಟಲಿನ ಸುತ್ತ ಸಣ್ಣವು ಮೂರು. ಮೇಲೆ ಹಳೇ ಚಾಪೆ ಹೊದಿಸಿದರು. ಮನಾಸೆ ಕಂಬಳಿ ಹೊದ್ದು ನಿಂತು ನೋಡುತ್ತಿದ್ದ.

"ಇದು ರಿಪೇರಿನೋ ಹಬ್ಬದಡುಗೆನೋ?"

"ಬಾಯಿ ಮುಚ್ಕೊಂಡು ಸಾಕ್ಷಿ ನೋಡು," ಎಂದಳು ಅವನ ಹೆಂಡತಿ.

ಅರ್ಧ ಗಂಟೆಯಲ್ಲಿ ಬಟ್ಟಲು ತಿಳಿಯಾಯಿತು. ಲೇಮಾರಾ ಕೊಳವೆಯ ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ಗುಳ್ಳೆ ನಿಂತು ಎಣ್ಣೆ ಮಾತ್ರ ಬರುವವರೆಗೂ ಗಾಳಿ ಬಿಟ್ಟಳು. ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಎಂಜಿನ್ನಿನೊಳಗಿನ ಕಡ್ಡಿ ಕೆಂಪಗೆ ಕಾಯಲೆಂದು ಬೇರೆ ದಿನ ಇಪ್ಪತ್ತರವರೆಗೆ ಎಣಿಸುವಳು, ಇವತ್ತು ನಲವತ್ತು. ಮೊದಲ ಸಲ ಕೆಮ್ಮಿತು. ಎರಡನೇ ಸಲ ಇನ್ನೂ ಕೆಟ್ಟದಾಗಿ ಕೆಮ್ಮಿತು. ಮೂರನೇ ಸಲ ಇಡೀ ಕಾರು ಮೈ ಕೊಡವಿ, ಬಿಳಿ ಹೊಗೆ ಉಗುಳಿ, ಗಡಗಡ ಶುರುವಾಯಿತು. ಹೆಂಗಸರು ಕಲ್ಲು, ಚಿಮಟ, ಚಾಪೆ ಎಲ್ಲ ಬಿಟ್ಟು ಕುಣಿದರು. ನಾಯಿಗಳೂ ಕುಣಿದವು.

ತಾಬಿತಾ ಗಂಡನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಬಿಸಿ ಬಿಸಿ ಪೊಟ್ಟಣ ಇಟ್ಟಳು. ಅವನ ಊಟದ ಲಾಪ್‌ಲಾಪ್, ಆಗಷ್ಟೇ ಒಲೆಯಿಂದ ತೆಗೆದದ್ದು. "ಮಧ್ಯಾಹ್ನಕ್ಕೆ. ದಾರೀಲೇ ಬಿಚ್ಚಬೇಡ." ಮನಾಸೆ ಅದನ್ನು ಕೂಸಿನಂತೆ ಎರಡು ಕೈಯಲ್ಲೂ ಹಿಡಿದು ಕೂತ. ಹಿಂದೆ ಹೆಂಗಸರು ಐದು ಜನ, ಅವರ ಕಾಲ ಬಳಿ ಬುಟ್ಟಿಗಳು, ಬಟ್ಟಲಿನ ಸುತ್ತ ಉಳಿದ ಕಲ್ಲುಗಳು. ಕಾರು ಹೊರಟಿತು.

ಸಮುದ್ರದ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದಾಗ ಮನಾಸೆಯ ಪಾದ ಎಂಜಿನ್ನಿನ ಲಯಕ್ಕೆ ತಾಳ ಹಾಕುತ್ತಿತ್ತು. ಅದು ಅವನಿಗೇ ಗೊತ್ತಿರಲಿಲ್ಲ, ಲೇಮಾರಾಗೆ ಗೊತ್ತಾಯಿತು.

"ಸದ್ದು ಬದಲಾಗಿಲ್ಲ," ಎಂದ ಮನಾಸೆ. "ಇದನ್ನ ತರೋವಾಗ ನಾನು ಅಣ್ಣ ಇಬ್ರೇ. ಇಬ್ರಿಗೂ ಓಡಿಸೋಕೆ ಬರ್ತಿರಲಿಲ್ಲ. ತೋಟದಿಂದ ಊರಿಗೆ ಒಂದನೇ ಗೇರಲ್ಲೇ ಬಂದ್ವಿ. ಅಣ್ಣ ಸ್ಟೇರಿಂಗ್ ಹಿಡ್ಕೊಂಡಿದ್ದ, ನಾನು ಕೆಳಗೆ ಕೂತು ಕೈಯಲ್ಲಿ ಬ್ರೇಕ್ ಒತ್ತುತಿದ್ದೆ."

"ನೀವು ಚರ್ಚಿನ ಬೇಲಿ ಮುರಿದಿದ್ದು ಗೊತ್ತು."

"ಬ್ರೇಕ್ ಅಂತ ಕೂಗಿದ, ನಾನು ಬೇರೇದು ಒತ್ತಿದೆ." ಮನಾಸೆ ನಕ್ಕ. ಮರುಕ್ಷಣ ತಾನು ಯಾಕೆ ಬಂದಿದ್ದೇನೆಂದು ನೆನಪಾಗಿ ಮುಖ ಬಿಗಿದುಕೊಂಡು ಕಿಟಕಿಯ ಕಡೆ ತಿರುಗಿದ.

ಗುಡ್ಡ ಶುರುವಾದಾಗ ಆರೂ ಕಾಲು. ಮೋಡ ಕವಿದು ಸೂರ್ಯನ ಸುಳಿವಿರಲಿಲ್ಲ, ಸಮುದ್ರದ ಕಡೆಯಿಂದ ತಣ್ಣನೆ ಗಾಳಿ. ಕಾರಿನ ಕೆಳಗಿಟ್ಟಿದ್ದ ಕಲ್ಲುಗಳು ಊರಲ್ಲೇ ಉಳಿದಿದ್ದವು, ಒಳಗಿದ್ದವು ತಣಿದಿದ್ದವು. ಅರ್ಧ ಏರಿದಾಗ ಎಂಜಿನ್ ಉಸಿರು ಹಿಡಿದಂತೆ ಮಾಡಿತು. ಲೇಮಾರಾ ಎರಡನೇ ಗೇರಿಗೆ ಬಂದಳು, ಒಂದನೇ ಗೇರಿಗೆ ಬಂದಳು. "ನಡಿ ಅಜ್ಜಾ, ಇನ್ನೊಂದು ತಿರುವು," ಎಂದು ಬೇಡಿಕೊಂಡಳು. ಅಜ್ಜ ತಿರುವಿನ ಮಧ್ಯದಲ್ಲೇ ನಿಂತ.

"ಬೆಳ್ಳಗಾಯ್ತು!" ಹಿಂದಿನಿಂದ ತಾಬಿತಾ ಕೂಗಿದಳು.

ಲೇಮಾರಾ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು ಹಿಂದೆ ಬಂದು ನೋಡಿದಳು. ಬಟ್ಟಲು ಬೆಳ್ಳಗೆ ಹೆಪ್ಪುಗಟ್ಟಿತ್ತು. ರೇಡಿಯೇಟರಿನ ಬಿಸಿನೀರು ಬಳಸೋಣವೆಂದರೆ ಮತ್ತೆ ತುಂಬಲು ಆ ಗುಡ್ಡದ ಮೇಲೆ ಹನಿ ನೀರಿಲ್ಲ. ಕೈಯಲ್ಲಿ ಉಜ್ಜಿದಳು, ಬಾಯಿಯಿಂದ ಊದಿದಳು. ಐದು ಹೆಂಗಸರೂ ಸರದಿಯಲ್ಲಿ ಅಂಗೈ ಇಟ್ಟರು. ತಣ್ಣನೆಯ ಕೈಗಳಿಗೆ ಆ ಎಣ್ಣೆ ಏನು ಕರಗೀತು? ಗಂಟೆ ಆರೂವರೆ ಆಯಿತು. ಮನಾಸೆ ಮುಂದಿನ ಸೀಟಿನಲ್ಲಿ ಅಲ್ಲಾಡದೆ ಕೂತಿದ್ದ. ಅವನು ಗೆದ್ದಿದ್ದ, ಸುಮ್ಮನೆ ಕೂತಿದ್ದರೆ ಸಾಕಿತ್ತು.

ಆ ಹೊತ್ತಿಗೆ ಹೊಳೆಯುವ ಹೊಸ ಮಿನಿಬಸ್ಸೊಂದು ಹಿಂದಿನಿಂದ ಬಂದು ಪಕ್ಕದಲ್ಲಿ ನಿಧಾನಿಸಿತು. ಕಪ್ಪು ಕನ್ನಡಕದ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ.

"ಏನ್ರಮ್ಮ, ಎಣ್ಣೆ ಕಾದಿಲ್ವಾ? ಈ ಹಳೇ ಬಾಣಲೆನ ಸಮುದ್ರಕ್ಕೆ ತಳ್ಳಿ, ಮೀನಾದ್ರೂ ಮನೆ ಮಾಡ್ಕೊಳ್ಳುತ್ವೆ!"

ಮಿನಿಬಸ್ಸಿನೊಳಗೆ ನಗುವೋ ನಗು. ಲೇಮಾರಾ ಏನಾದರೂ ಅನ್ನುವ ಮೊದಲೇ ಬುಬುವಿನ ಮುಂಬಾಗಿಲು ಧಡಾರೆಂದು ತೆರೆಯಿತು. ಮನಾಸೆ ಇಳಿದು ನಿಂತಿದ್ದ, ತನ್ನ ಅಷ್ಟೂ ಉದ್ದಕ್ಕೆ.

"ಏಯ್, ಕನ್ನಡಕ ತೆಗಿ! ನೀನು ಸೆಲಿನಾ ಮಗ ತಾನೆ? ನಿಮ್ಮಮ್ಮನಿಗೆ ನೋವು ಬಂದಾಗ ಮಳೇಲಿ ಈ ಗುಡ್ಡ ಹತ್ತಿಸಿ ಆಸ್ಪತ್ರೆಗೆ ಮುಟ್ಟಿಸಿದ್ದು ಯಾವ ಗಾಡಿ ಅಂತ ಕೇಳು ಹೋಗು! ಆಮೇಲೆ ನಗು! ನಮ್ಮಣ್ಣ ಇಲ್ಲದಿದ್ರೆ ನೀನು ಇದೇ ತಿರುವಲ್ಲಿ ಹುಟ್ಟಿರ್ತಿದ್ದೆ. ಬಾಣಲೆ ಅಂತೆ!"

ಡ್ರೈವರ್ ಕನ್ನಡಕ ತೆಗೆದ. "ತಪ್ಪಾಯ್ತು ಚಿಕ್ಕಪ್ಪ," ಎಂದು ಗೊಣಗಿ ಮಿನಿಬಸ್ಸು ಮುಂದೆ ಬಿಟ್ಟ.

ಮನಾಸೆ ಬುಸುಗುಡುತ್ತ ರಸ್ತೆಯಲ್ಲಿ ನಿಂತ. ಕೈಯಲ್ಲಿ ಟವೆಲಿನ ಪೊಟ್ಟಣ ಇನ್ನೂ ಇತ್ತು. ಪೊಟ್ಟಣ ನೋಡಿದ. ಕಾರು ನೋಡಿದ. ಗುಡ್ಡದ ಕೆಳಗೆ ಇನ್ನೂ ಎರಡು ಮಿನಿಬಸ್ಸು ಏರಿ ಬರುತ್ತಿದ್ದವು. ಇನ್ನೆರಡು ಸಲ ಈ ಕಾರನ್ನು ನೋಡಿ ಯಾರಾದರೂ ನಗುವುದನ್ನು ಸಹಿಸುವುದು ಅವನಿಂದ ಆಗದ ಮಾತಾಗಿತ್ತು.

"ಎಲ್ಲ ಪಕ್ಕಕ್ಕೆ ಸರೀರಿ," ಎಂದ.

ಹಿಂಬದಿಯಿಂದ ಬಗ್ಗಿ, ಟವೆಲ್ ಬಿಚ್ಚಿ, ಹಬೆಯಾಡುತ್ತಿದ್ದ ಎಲೆಯ ಪೊಟ್ಟಣವನ್ನು ಗಾಜಿನ ಬಟ್ಟಲಿಗೆ ಸುತ್ತಿ, ಮೇಲೆ ಟವೆಲನ್ನು ಬಿಗಿಯಾಗಿ ಕಟ್ಟಿದ. ಎರಡು ಕೈಯಲ್ಲೂ ಒತ್ತಿ ಹಿಡಿದುಕೊಂಡ. ಅಂಗೈ ಸುಡುತ್ತಿದ್ದರೂ ಬಿಡಲಿಲ್ಲ. ಕೋಳಿ ಮತ್ತು ಕಾಯಿಹಾಲಿನ ಪರಿಮಳ ಕಾರಿನ ತುಂಬ ಹರಡಿತು.

"ಮಧ್ಯಾಹ್ನಕ್ಕೆ ಏನು ತಿಂತೀಯ?" ತಾಬಿತಾ ಮೆಲ್ಲಗೆ ಕೇಳಿದಳು.

"ನಿನ್ನ ತಲೆ ತಿಂತೀನಿ. ಸುಮ್ನಿರು."

ಹತ್ತು ನಿಮಿಷದ ಮೇಲೆ ಟವೆಲಿನ ಸಂದಿಯಿಂದ ಇಣುಕಿದರೆ ಬಟ್ಟಲಿನ ಅಂಚಿನಲ್ಲಿ ಒಂದು ಗೆರೆಯಷ್ಟು ತಿಳಿ ಕಂಡಿತು. ಗೆರೆ ಬೆರಳಿನಷ್ಟಾಯಿತು. ಬೆಳ್ಳನೆಯ ಗಟ್ಟಿ ನಡುವಿನಲ್ಲಿ ತೇಲಿ, ತಿರುಗಿ, ಸಣ್ಣಗಾಗಿ, ಕಣ್ಣೆದುರೇ ಕರಗಿ ಹೋಯಿತು. ಲೇಮಾರಾ ಆಗಲೇ ಬಾನೆಟ್ ಕೆಳಗಿದ್ದಳು. ನಟ್ಟು ಸಡಿಲಿಸಿದಳು, ಕೈಪಂಪು ಒತ್ತಿದಳು, ಗುಳ್ಳೆ ಬಿಟ್ಟಳು, ಬಿಗಿದಳು. ಕೀಲಿ ತಿರುಗಿಸಿದಳು. ಬಿಸಿ ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದು ಗೇರ್ ಹಾಕುವುದೇ ಮರೆತುಹೋಯಿತು.

"ನಡಿ ಅತ್ತಿಗೆ, ನಡಿ!" ಹಿಂದಿನಿಂದ ಮನಾಸೆ ಕೂಗಿದ. ಅವನು ಬುಟ್ಟಿಗಳ ನಡುವೆ ಮಂಡಿಯೂರಿ ಪೊಟ್ಟಣವನ್ನು ಹಿಡಿದೇ ಇದ್ದ. ಗುಡ್ಡದ ನೆತ್ತಿ ದಾಟಿ, ಆಚೆಯ ಇಳಿಜಾರಿನಲ್ಲಿ ವಿಲಾ ಕೊಲ್ಲಿಯ ನೀರು ಕಾಣುವವರೆಗೂ ಹಾಗೇ ಹಿಡಿದಿದ್ದ.

ಮಾರ್ಕೆಟ್ ಮುಟ್ಟಿದಾಗ ಏಳಕ್ಕೆ ಎರಡು ನಿಮಿಷವಿತ್ತು. ಮಧ್ಯಾಹ್ನದ ಹೊತ್ತಿಗೆ ಮೋಡ ಸರಿದು ಬಿಸಿಲು ಬಂತು, ಎಣ್ಣೆ ನೀರಿನಂತಾಯಿತು, ವಾಪಸ್ ಬರುವಾಗ ಬುಬು ಆ ಗುಡ್ಡವನ್ನು ಎಳೆಯ ಆಡಿನಂತೆ ಹತ್ತಿತು. ಹಸಿದಿದ್ದ ಮನಾಸೆಗೆ ಹೆಂಗಸರು ಕಿತ್ತಳೆ ಸುಲಿದು ಸುಲಿದು ಕೊಟ್ಟರು.

ಸಂಜೆ ನಕಮಾಲಿನ ಮುಂದೆ ಇಡೀ ಊರು ಸೇರಿತ್ತು. ತರಿವೋತಾ ಕೇಳಿದ, "ಮನಾಸೆ, ಡೀಸೆಲ್ ಹಾಕಿದ್ರಾ?"

"ಇಲ್ಲ."

"ತಳ್ಳಿದ್ರಾ?"

"ಇಲ್ಲ."

"ಬೇರೆ ಬಳಿಯ ಸಹಾಯ?"

ಮನಾಸೆ ಬಾಯಿ ತೆರೆದ. ಅಷ್ಟರಲ್ಲಿ ಲೇಮಾರಾ ಎದ್ದು ನಿಂತಳು. ಸುಮ್ಮನಿದ್ದರೆ ಕಾರು ಅವಳದು. ಆದರೆ ಸುಳ್ಳಿನ ಮೇಲೆ ಕೂತು ನಾಳೆ ಬೆಳಿಗ್ಗೆ ಬಾನೆಟ್ ಎತ್ತುವುದು ಅವಳಿಗೆ ಬೇಡವಾಗಿತ್ತು.

"ತಗೊಂಡ್ವಿ ಯಜಮಾನ್ರೇ. ಗುಡ್ಡದ ಮೇಲೆ ನಿಂತುಹೋಯ್ತು. ಮನಾಸೆ ತನ್ನ ಊಟದ ಲಾಪ್‌ಲಾಪ್ ಕೊಟ್ಟು ಎಣ್ಣೆ ಕರಗಿಸಿದ. ಇಲ್ದಿದ್ರೆ ಮುಟ್ತಿರಲಿಲ್ಲ."

ತಾಬಿತಾ ಹಣೆ ಹಣೆ ಚಚ್ಚಿಕೊಂಡಳು. ತರಿವೋತಾ ನಿಧಾನವಾಗಿ, "ಹಾಗಾದ್ರೆ ಅಷ್ಟಪಾದಿ ಬಳಿಯ ಸಹಾಯ ಆಯ್ತಲ್ಲ," ಎಂದ.

"ಯಾ...ರು ಹೇಳಿದ್ದು?" ಮನಾಸೆಯ ಗಟ್ಟಿ ಗಂಟಲು ನಕಮಾಲಿನ ಸೂರಿಗೆ ತಾಗಿತು. "ಯಜಮಾನ್ರೇ, ಆ ಲಾಪ್‌ಲಾಪ್ ಮಾಡಿದ್ದು ಯಾರು? ನನ್ನ ಹೆಂಡ್ತಿ, ತೆಂಗಿನ ಬಳಿ. ಬೇಯಿಸಿದ ಬೆಂಕಿ? ತೆಂಗಿನ ಸಿಪ್ಪೆ. ಮೇಲೆ ಹುಯ್ದಿದ್ದು? ಕಾಯಿಹಾಲು. ಹಾಲು ಅಂದ್ರೆ ಹಾಲು! ಅದರಲ್ಲಿ ನನ್ನದು ಅಂತ ಇದ್ದದ್ದು ಹಸಿವು ಒಂದೇ. ಅದನ್ನ ನಾನು ಯಾರಿಗೂ ಕೊಟ್ಟಿಲ್ಲ, ಇನ್ನೂ ನನ್ನ ಹತ್ರಾನೇ ಇದೆ."

ಈ ಸಲ ತರಿವೋತಾ ನಗು ತಡೆಯಲು ಪ್ರಯತ್ನವನ್ನೂ ಮಾಡಲಿಲ್ಲ. ಕಣ್ಣೊರೆಸಿಕೊಂಡು, ಕಾರಿನ ಹತ್ತಿರ ಹೋಗಿ, ತೆಂಗಿನ ಎಳೆಗರಿಯೊಂದನ್ನು ಬಾನೆಟ್ಟಿಗೆ ಕಟ್ಟಿದ. "ತೆಂಗಿನ ಬಳಿ," ಎಂದ. "ಮುಗೀತು. ಯಾರಾದ್ರೂ ಈ ಮನುಷ್ಯನಿಗೆ ಊಟ ಹಾಕಿ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಲೇಮಾರಾ ಮನಾಸೆಯ ಹತ್ತಿರ ಬಂದಳು. ಅವನ ಅಂಗೈಗಳು ಇನ್ನೂ ಕೆಂಪಾಗಿದ್ದವು.

"ದೋಣಿಗೆ ಏನು ಮಾಡ್ತೀಯ?"

"ಹಾಯಿ ಕಟ್ತೀನಿ. ನಮ್ಮಜ್ಜಂದಿರು ಎಂಜಿನ್ ಇಟ್ಕೊಂಡು ಈ ದ್ವೀಪಕ್ಕೆ ಬಂದ್ರಾ?" ಅವನು ಕಾರಿನ ಕಡೆ ನೋಡಿದ. "ಅತ್ತಿಗೆ, ಬೆಳಿಗ್ಗೆ ಅದು ಏಳೋವಾಗ... ಸುಮ್ನೆ ಬಂದು ನಿಂತ್ಕೋಬಹುದಾ? ಸದ್ದು ಕೇಳೋಕೆ."

"ಸುಮ್ನೆ ನಿಲ್ಲೋಕೆ ಯಾರೂ ಬೇಡ," ಎಂದಳು ಲೇಮಾರಾ. "ಟಾರ್ಚ್ ಹಿಡಿಯೋಕೆ ಒಬ್ರು ಬೇಕು."

ಮರುದಿನ ಮುಂಜಾವ ಮಂಜು ಇನ್ನೂ ಕರಗಿರಲಿಲ್ಲ. ಲೇಮಾರಾ ಕಾರಿನ ಕೆಳಗೆ ಮಲಗಿದ್ದಳು. ಹೆಗಲು ಬಗ್ಗಿಸಿಕೊಂಡು ಕೂತಿದ್ದ ಮನಾಸೆಯ ಕೈಯಲ್ಲಿ ಟಾರ್ಚ್ ಇತ್ತು, ಅದರ ಬೆಳಕು ಎಲ್ಲೆಲ್ಲೋ ಅಲೆಯುತ್ತಿತ್ತು.

"ಅಲ್ಲಲ್ಲ, ಇಲ್ಲಿ ಹಿಡಿ," ಎಂದು ಕೆಳಗಿನಿಂದ ಅವಳ ದನಿ ಬಂತು. "ನಿನ್ನ ಕಣ್ಣೆಲ್ಲಿದೆ? ನನ್ನ ಮುಖಕ್ಕಲ್ಲ ಮಾರಾಯ, ನಟ್ಟಿಗೆ!"

ಅದು ಯಾರ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಮನಾಸೆ ಮೂಗು ಒರೆಸಿಕೊಂಡು, ನಗುತ್ತ, ಟಾರ್ಚನ್ನು ನಟ್ಟಿನ ಕಡೆ ತಿರುಗಿಸಿದ.